ಅಜ್ಜನ ಕೋವಿಗೆ ಹೊಸ ಮೆರುಗು

ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬಕ್ಕೆ ರಜೆ ಪಡೆದು ದೆಹಲಿಯಿಂದ ಕೊಡಗಿಗೆ ತೆರಳುವ ಬಂಧುಗಳಲ್ಲಿ, ದೇವರ ಕೋಣೆಯಲ್ಲಿ ತೋಕ್‌ಪೂ ಮುಡಿದು ನಿಲ್ಲುವ ಅಜ್ಜನ ಬೇಟೆಯ ಕೋವಿಯನ್ನು ನೆನೆಯದವರಾರು? ಹೆಗಲಿಗಾನಿಸುವ ಅದರ ಆಕ್ರೋಟು ಮರದ ಹಿಡಿ ಮಂಕಾಗಿ ತಗ್ಗುಬಿದ್ದುದನ್ನು ಕಂಡಾಗ, ಹೊಸದರಂತೆ ಮಾಡಿಬಿಡೋಣವೆಂಬ ಹಂಬಲ ಸಹಜವೇ. ಆದರೆ ಆತುರ ಸಲ್ಲದು.

ಕೋವಿಯಲ್ಲಿ ಗುಂಡಿಲ್ಲವೆಂಬುದನ್ನು ಮೊದಲು ಖಚಿತಪಡಿಸಿಕೊಂಡು, ಪರವಾನಗಿಯುಳ್ಳ ಕೋವಿ ಕೆಲಸಗಾರನಿಂದ ಹಿಡಿಯನ್ನು ಬಿಚ್ಚಿಸಬೇಕು. ತಗ್ಗಾದಲ್ಲಿ ಒದ್ದೆಬಟ್ಟೆ ಹಾಸಿ ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಕ್ಷಣಕಾಲ ಒತ್ತಿದರೆ, ಅಮುಕಿಹೋದ ನಾರು ಹಬೆಯಿಂದ ಉಬ್ಬಿ ಮೇಲೇಳುವುದು. ಸೀಳಿದ ನಾರು ಏಳದು. ಬಳಿಕ ನಯವಾದ ಮರಳುಕಾಗದದಿಂದ ಎಳೆ ಸಾಗಿದ ದಿಕ್ಕಿಗೇ ಹಗುರವಾಗಿ ಉಜ್ಜಿ, ಅಗಸೆ ಎಣ್ಣೆಯನ್ನು ಅಂಗೈಯಿಂದ ತೆಳುವಾಗಿ ತಿಕ್ಕಬೇಕು. ಒಂದು ಲೇಪ ಒಣಗಿದ ಮೇಲೆಯೇ ಇನ್ನೊಂದು. ಎಣ್ಣೆಬಟ್ಟೆಯನ್ನು ಮುದ್ದೆಮಾಡಿ ಎಸೆಯಬಾರದು. ಅದು ತಾನಾಗಿ ಹೊತ್ತಿಕೊಳ್ಳುವುದುಂಟು.

ಮರದ ಸಿಂಗಾರಕ್ಕಿರುವ ಈ ಸ್ವಾತಂತ್ರ್ಯ ಕಬ್ಬಿಣಕ್ಕಿಲ್ಲ. 1959ರ ಆಯುಧ ಕಾಯಿದೆಯಂತೆ ನಳಿಗೆಯನ್ನು ಮೊಟಕುಗೊಳಿಸಲು ಪರವಾನಗಿ ಬೇಕು. ಗುರುತಿನ ಸಂಖ್ಯೆಯನ್ನು ಅಳಿಸುವುದು ಅಪರಾಧ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಗೃಹ ಸಚಿವಾಲಯವು 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು. ಅದು ಕೋವಿಯನ್ನು ಇರಿಸಿಕೊಳ್ಳುವುದಕ್ಕೇ ಹೊರತು ಬೇಟೆಗಲ್ಲ. ಬೇಟೆಯನ್ನು 1972ರ ವನ್ಯಜೀವಿ ಕಾಯಿದೆ ನಿಷೇಧಿಸಿದೆ.

ಇನ್ನೊಂದು ಮಾತು. ಅಜ್ಜನ ಕೆನ್ನೆ ಒರಗಿ, ಅಂಗೈ ತಾಗಿ ಸವೆದ ಜಾಗವೊಂದು ಆ ಮರದಲ್ಲಿರುತ್ತದೆ. ಅಲ್ಲಿಗೆ ಎಣ್ಣೆ ಸಾಕು, ಮರಳುಕಾಗದ ಬೇಡ. ಕಳೆದುದನ್ನು ಮತ್ತೆ ತರಬಲ್ಲ ಕುಶಲಿ ಯಾವ ಪೇಟೆಯಲ್ಲಿಯೂ ಇಲ್ಲ.