ರಾಯಬಾಗಕ್ಕೂ ಒಂದು ಜುಲೈ 26 ಇದೆ

ಅಮೆರಿಕದ ಪ್ಯಾಸಡೀನಾ ಊರಲ್ಲಿ ಹೊಸ ವರ್ಷದ ದಿನ ಹೂವಿನ ಮೆರವಣಿಗೆ, ಅದರ ಜೊತೆಗೆ ಕಾಲೇಜು ತಂಡಗಳ ಫುಟ್ಬಾಲ್ ಪಂದ್ಯ. ಹೆಸರು ರೋಸ್ ಬೌಲ್. (ಅವರ ಫುಟ್ಬಾಲ್ ಅಂದ್ರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ.) ಮೊದಲ ಪಂದ್ಯ ನಡೆದದ್ದು 1902ರ ಜನವರಿ 1ರಂದು. ಮಿಶಿಗನ್ 49, ಸ್ಟ್ಯಾನ್‌ಫರ್ಡ್ ಸೊನ್ನೆ. ಇನ್ನೂ ಎಂಟು ನಿಮಿಷ ಬಾಕಿ ಇರುವಾಗಲೇ ಸೋತವರು ಸಾಕು ಅಂದರು. ಆಮೇಲೆ ಸಂಘಟಕರು ಫುಟ್ಬಾಲ್ ಬಿಟ್ಟು ಕೆಲವು ವರ್ಷ ರಥದ ಓಟವನ್ನೂ ಇಟ್ಟರು. 1916ರಲ್ಲಿ ಪಂದ್ಯ ಮರಳಿ ಬಂತು, ವರ್ಷ ವರ್ಷ ನಡೆಯುತ್ತಲೇ ಇದೆ. ಆಟ ಇರುವುದರಿಂದ ತಾರೀಖೂ ಉಳಿದಿದೆ.

ಅದೇ 1902ರಲ್ಲಿ ನಮ್ಮ ಕಡೆಗೂ ಒಂದು ತಾರೀಖು ಹುಟ್ಟಿತು.

ಆಗ ಚಿಕ್ಕೋಡಿ, ಅಥಣಿ ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದವು. ರಾಯಬಾಗ ಮಾತ್ರ ಕೊಲ್ಹಾಪುರ ಸಂಸ್ಥಾನದ್ದು. ಸಂಸ್ಥಾನದ ದೊರೆ ಶಾಹು ಮಹಾರಾಜರು ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆಂದು ಇಂಗ್ಲೆಂಡಿಗೆ ಹೋಗಿದ್ದರು. ಅವರು ಅಲ್ಲಿದ್ದಾಗಲೇ, ಜುಲೈ 26ರಂದು, ಕೊಲ್ಹಾಪುರದಲ್ಲಿ ಆದೇಶ ಹೊರಬಿತ್ತು: ಇನ್ನು ಮುಂದೆ ಖಾಲಿಯಾಗುವ ಸರ್ಕಾರಿ ಹುದ್ದೆಗಳಲ್ಲಿ ಶೇ. 50 ಹಿಂದುಳಿದ ವರ್ಗಗಳಿಗೆ. ಬ್ರಾಹ್ಮಣ, ಪ್ರಭು, ಶೇಣವಿ, ಪಾರ್ಸಿ ಮತ್ತು ಇತರ ಮುಂದುವರಿದ ಜಾತಿಗಳನ್ನು ಬಿಟ್ಟು ಉಳಿದವರೆಲ್ಲ ಹಿಂದುಳಿದವರು. ಬರೀ ಘೋಷಣೆ ಮಾಡಿ ಕೈತೊಳೆದುಕೊಂಡ ಆದೇಶ ಅಲ್ಲ ಅದು. ಯಾವ ಕಚೇರಿಯಲ್ಲಿ ಪ್ರಮಾಣ ಅರ್ಧಕ್ಕಿಂತ ಕಡಿಮೆ ಇದೆಯೋ ಅಲ್ಲಿ ಮುಂದಿನ ನೇಮಕ ಹಿಂದುಳಿದವರದ್ದೇ ಆಗಬೇಕು, ಮುಖ್ಯಸ್ಥರು ಮೂರು ತಿಂಗಳಿಗೊಮ್ಮೆ ಲೆಕ್ಕ ಕೊಡಬೇಕು. ಇವತ್ತು ಬ್ಯಾಕ್‌ಲಾಗ್ ಹುದ್ದೆಗಳಿಗಾಗಿ ಧರಣಿ ಕೂರುವವರು ಈ ಸಾಲನ್ನು ಎರಡು ಸಲ ಓದಬೇಕು.

ಕರ್ನಾಟಕದಲ್ಲಿ ಮೀಸಲಾತಿಯ ಕಥೆ ಶುರು ಮಾಡುವಾಗ ನಾವು ಮೈಸೂರಿನ ಮಿಲ್ಲರ್ ಸಮಿತಿಯಿಂದ, ಅಂದ್ರೆ 1918ರಿಂದ ಶುರು ಮಾಡ್ತೀವಿ. ಮೈಸೂರಿಗೆ ಅದು ಸರಿ. ಆದರೆ ಇಂದಿನ ಕರ್ನಾಟಕದ ಒಂದು ತಾಲೂಕಿಗೆ ಅದು ಹದಿನಾರು ವರ್ಷ ತಡವಾದ ಆರಂಭ.

ಮರೆತದ್ದು ಯಾಕೆ? ನನಗೆ ಕಾಣುವ ಕಾರಣ ಗಡಿ. 1949ರಲ್ಲಿ ಕೊಲ್ಹಾಪುರ ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು, 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಅಲ್ಲಿಂದ ಇಲ್ಲಿನ ಕ್ಯಾಲೆಂಡರಲ್ಲಿ ಒಂದೇ ದೊಡ್ಡ ದಿನ. ಒಬ್ಬರಿಗೆ ರಾಜ್ಯೋತ್ಸವ, ಇನ್ನೊಬ್ಬರಿಗೆ ಕರಾಳ ದಿನ. ಶಾಹು "ಆ ಕಡೆಯವರು" ಆಗಿಬಿಟ್ಟರು. ಮಹಾರಾಷ್ಟ್ರ ಅವರ ಹುಟ್ಟುದಿನ ಜೂನ್ 26ನ್ನು ಸಾಮಾಜಿಕ ನ್ಯಾಯ ದಿನ ಅಂತ ಆಚರಿಸುತ್ತದೆ. ನಾವು ಹೆಸರೆತ್ತಿದರೆ ಎಲ್ಲಿ ಅವರ ವಾದಕ್ಕೆ ಬಲ ಬರುತ್ತೋ ಅನ್ನೋ ಅಳುಕು. ಮಜಾ ಅಂದ್ರೆ ಇದೇ ಶಾಹು 1920ರ ಮಾರ್ಚಲ್ಲಿ ಮಾಣಗಾವ್ ಪರಿಷತ್ತಿನಲ್ಲಿ ಅಂಬೇಡ್ಕರ್ ಅವರನ್ನು ನಾಯಕ ಎಂದು ಕರೆದರು, 1925ರ ಏಪ್ರಿಲ್‌ನಲ್ಲಿ ಅಂಬೇಡ್ಕರ್ ನಿಪ್ಪಾಣಿಗೇ ಬಂದು ಪರಿಷತ್ತಿನ ಅಧ್ಯಕ್ಷತೆ ವಹಿಸಿದರು. ಆ ಜನರಿಗೆ ಗಡಿ ಇರಲಿಲ್ಲ.

ಇನ್ನು ಆಟದ ಮಾತು. ಅದೇ 1902ರ ಪ್ರವಾಸದಲ್ಲಿ ಶಾಹು ರೋಮ್‌ನ ಹಳೆಯ ಕ್ರೀಡಾಂಗಣ ನೋಡಿ ಬಂದು ಕೊಲ್ಹಾಪುರದ ಖಾಸಬಾಗ್ ಕುಸ್ತಿ ಮೈದಾನ ಕಟ್ಟಿಸಿದರು ಅಂತಾರೆ. 1912ರಲ್ಲಿ ಅದು ಸಿದ್ಧವಾಯಿತು. ನಡುವೆ ಮಣ್ಣಿನ ಅಖಾಡ, ಸುತ್ತ ಇಳಿಜಾರಿನಲ್ಲಿ ಜನ. ಆ ಊರಿನ ಫುಟ್ಬಾಲ್ ತಂಡಗಳ ಹೆಸರಲ್ಲೂ ಇವತ್ತಿಗೂ ತಾಲೀಮು ಇದೆ: ಖಂಡೋಬಾ ತಾಲೀಮ್, ಪಾಟಾಕಡೀಲ್ ತಾಲೀಮ್, ದಿಲ್‌ಬಹಾರ್ ತಾಲೀಮ್. ಒಂದೇ ಪ್ರಯಾಣದ ವರ್ಷದ ಎರಡು ಫಲಗಳಲ್ಲಿ ಕುಸ್ತಿ ಎಲ್ಲರಿಗೂ ನೆನಪಿದೆ, ಕಾನೂನು ಗಡಿ ದಾಟಲಿಲ್ಲ.

2027ರ ಜುಲೈ 26ಕ್ಕೆ ಆ ಆದೇಶಕ್ಕೆ 125 ವರ್ಷ. ರಾಯಬಾಗದಲ್ಲಿ ಅವತ್ತು ಒಂದು ಕುಸ್ತಿ ಇಡಿ. ಅಖಾಡದ ಪಕ್ಕದಲ್ಲೊಂದು ಫಲಕದಲ್ಲಿ ಆ ಆದೇಶವನ್ನು ಕನ್ನಡದಲ್ಲೂ ಮರಾಠಿಯಲ್ಲೂ ಬರೆಸಿ. ಜೊತೆಗೆ, ತಾಲೂಕಿನ ಕಚೇರಿಗಳಲ್ಲಿ ಈಗ ಎಷ್ಟು ಹುದ್ದೆ ಖಾಲಿ ಇವೆ ಅನ್ನುವ ಲೆಕ್ಕವನ್ನೂ.