ಎಂಟು ಚುಕ್ಕಿ, ಎಂಟು ಸಾಲು

ಬೆಂಗಳೂರಿನಿಂದ ಮಾರಿಕುಪ್ಪಂ ಕಡೆಗೆ ಹೋಗುವ ಸಂಜೆಯ ರೈಲಿನಲ್ಲಿ, ಹೆಜ್ಜೆಯಿಡಲೂ ಎಡೆಯಿಲ್ಲದ ಜನಸಂದಣಿಯ ನಡುವೆ, ಗೋಣಿಚೀಲದಲ್ಲಿ ಸುತ್ತಿದ ಹಳೆಯ ಕಂಪ್ಯೂಟರೊಂದನ್ನು ತೊಡೆಯ ಮೇಲಿರಿಸಿ, ಅದರ ಕೈಪಿಡಿಯನ್ನು ಯಾರ ಕೈಗೂ ತಗುಲದಂತೆ ಕಂಕುಳಲ್ಲಿ ಅವುಚಿಕೊಂಡು ನಾನು ಮಾಲೂರಿನಲ್ಲಿ ಇಳಿದು ಈಗ್ಗೆ ಕೆಲವು ವರ್ಷಗಳಾದುವು. ಯಂತ್ರವು ಗುಜರಿಯವನ ತಕ್ಕಡಿಯಲ್ಲಿ ತೂಗಿ ಬಂದದ್ದು; ಕೈಪಿಡಿಯನ್ನು ಆತ ಕಾಸು ಕೇಳದೆ ಕೊಟ್ಟ, ಅವನ ಲೆಕ್ಕದಲ್ಲಿ ಅದು ರದ್ದಿ. ಅಂದಿನಿಂದ ಇಂದಿನವರೆಗೆ ನಾನು ಮಾಡಿರುವ ವಿಡಿಯೊಗಳಲ್ಲಿ ಯಂತ್ರಕ್ಕೆ ಸಂದ ಕಾಲಕ್ಕಿಂತ ಆ ರದ್ದಿಗೆ ಸಂದ ಕಾಲವೇ ಅಧಿಕವಾಗಿರುವುದರಿಂದ, ಹಳೆಯ ಕಂಪ್ಯೂಟರುಗಳ ಹವ್ಯಾಸವೆಂದರೇನು, ಅದರಲ್ಲಿ ಪುಸ್ತಕಕ್ಕೆ ಇಷ್ಟು ದೊಡ್ಡ ಸ್ಥಾನವೇಕೆ ಎಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆನಿಸಿದೆ.

ಹಳೆಯ ಗಡಿಯಾರ, ಹಳೆಯ ಗ್ರಾಮಫೋನುಗಳನ್ನು ದುರಸ್ತಿ ಮಾಡಿ ಅವುಗಳೊಡನೆ ಕಾಲ ಕಳೆಯುವ ರಸಿಕರನ್ನು ನಾವೆಲ್ಲರೂ ಬಲ್ಲೆವು. ಅದೇ ಪ್ರೀತಿಯನ್ನು 1970 ಮತ್ತು 80ರ ದಶಕಗಳ ಕಂಪ್ಯೂಟರುಗಳ ಮೇಲೆ ಇರಿಸಿದವರು ಲೋಕದ ಎಲ್ಲೆಡೆ ಇದ್ದಾರೆ. ಅಮೆರಿಕದ ಟೆಕ್ಸಾಸಿನ ಡೇವಿಡ್ ಮರ್ರೇ ಎಂಬವರು ‘ದಿ ಎಯ್ಟ್ ಬಿಟ್ ಗೈ’ ಎಂಬ ಹೆಸರಿನಲ್ಲಿ, ಹಳದಿಗಟ್ಟಿದ ಪ್ಲಾಸ್ಟಿಕ್ಕನ್ನು ಪೆರಾಕ್ಸೈಡಿನಿಂದ ಬಿಳುಪಾಗಿಸುವುದು ಮೊದಲ್ಗೊಂಡು ಸತ್ತ ಚಿಪ್ಪನ್ನು ಗುರುತಿಸುವವರೆಗೆ ಎಲ್ಲವನ್ನೂ ಸಾವಧಾನವಾಗಿ ತೋರಿಸುವ ವಿಡಿಯೊಗಳನ್ನು ಲಕ್ಷಾಂತರ ಜನ ನೋಡುತ್ತಾರೆ. ನನ್ನದು ಅಂತಹ ಕಾರ್ಖಾನೆಯಲ್ಲ. ಕಿಟಕಿಯ ಬೆಳಕು ಬೀಳುವ ಒಂದು ಮೇಜು, ಮೊಬೈಲನ್ನು ಹಿಡಿದು ನಿಲ್ಲುವ ಒಂದು ಮುಕ್ಕಾಲಿ, ಭಾನುವಾರದ ಮಧ್ಯಾಹ್ನ, ಇಷ್ಟೇ ನನ್ನ ಪರಿಕರ.

ನನ್ನ ಕೈಗೆ ಬಂದ ಯಂತ್ರ ಬಿಬಿಸಿ ಮೈಕ್ರೊ. ಜನಸಾಮಾನ್ಯರಿಗೆ ಕಂಪ್ಯೂಟರ್ ವಿದ್ಯೆಯನ್ನು ಟೆಲಿವಿಷನ್ನಿನ ಮೂಲಕ ಕಲಿಸಬೇಕೆಂದು ಬ್ರಿಟನ್ನಿನ ಬಿಬಿಸಿ ಸಂಸ್ಥೆಯು ಸಂಕಲ್ಪಿಸಿದಾಗ, ಆ ಪಾಠಕ್ಕೆ ತಕ್ಕ ಯಂತ್ರವನ್ನು ಕೇಂಬ್ರಿಜ್ಜಿನ ಏಕಾರ್ನ್ ಕಂಪನಿಯು 1981ರಲ್ಲಿ ನಿರ್ಮಿಸಿಕೊಟ್ಟಿತು. ಭಾರತ ಸರ್ಕಾರವು ಶಾಲೆಗಳಲ್ಲಿ ಕಂಪ್ಯೂಟರ್ ಸಾಕ್ಷರತೆಯನ್ನು ಹರಡಲು 1984ರಲ್ಲಿ ‘ಕ್ಲಾಸ್’ ಎಂಬ ಯೋಜನೆಯನ್ನು ದೇಶದ ಸುಮಾರು 250 ಶಾಲೆಗಳಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದಾಗ ಆರಿಸಿಕೊಂಡದ್ದು ಇದನ್ನೇ; ಆದುದರಿಂದ, ಈಗ ಐವತ್ತರ ಆಸುಪಾಸಿನಲ್ಲಿರುವ ಎಷ್ಟೋ ಮಂದಿ ಭಾರತೀಯರು ಜೀವನದಲ್ಲಿ ಮೊದಲು ಮುಟ್ಟಿದ ಕೀಲಿಮಣೆ ಇದರದು, ಕಿತ್ತಳೆಗೆಂಪಿನ ಮೇಲುಸಾಲಿನ ಕೀಲಿಗಳುಳ್ಳದ್ದು. ಅದರ ಸ್ಮೃತಿ 32 ಕಿಲೋಬೈಟ್. ಇಂದಿನ ಮೊಬೈಲಿನಲ್ಲಿ ತೆಗೆದ ಒಂದೇ ಒಂದು ಛಾಯಾಚಿತ್ರಕ್ಕೆ ಇದರ ನೂರು ಪಾಲಾದರೂ ಬೇಕು.

ಮನೆಗೆ ತಂದ ರಾತ್ರಿಯೇ ಆತುರದಿಂದ ಸ್ವಿಚ್ಚು ಒತ್ತಿದೆ. ‘ಬೀಪ್’ ಎಂಬ ಮಂಗಳಧ್ವನಿ ಕೇಳಿತು, ಪರದೆಯಲ್ಲಿ ಬಿಳಿಯ ಅಕ್ಷರಗಳು ಮೂಡಿದುವು, ಹತ್ತು ನಿಮಿಷ ಕಳೆಯುವುದರೊಳಗೆ ಪೆಟ್ಟಿಗೆಯ ಎಡಬದಿಯಿಂದ ದಟ್ಟವಾದ ಹೊಗೆಯೆದ್ದು ಕೋಣೆಯೆಲ್ಲ ಕಮಟು ವಾಸನೆಯಿಂದ ತುಂಬಿತು. ಕರೆಂಟು ಬರುವ ದಾರಿಯಲ್ಲಿ ಕುಳಿತಿರುವ, ಕಾಗದದ ಪದರಗಳಿಂದ ಮಾಡಿದ ಒಂದು ಕೆಪಾಸಿಟರು ನಾಲ್ಕು ದಶಕಗಳಲ್ಲಿ ಮೈಯೆಲ್ಲ ಬಿರುಕುಬಿಟ್ಟು, ಆ ಬಿರುಕುಗಳಿಂದ ತೇವವನ್ನು ಹೀರಿಕೊಂಡು, ವಿದ್ಯುತ್ತು ಹರಿದೊಡನೆ ಕಾದು ಸಿಡಿದಿತ್ತು. ಅದನ್ನು ತೆಗೆದು ಹೊಸದನ್ನು ಬೆಸುಗೆ ಹಾಕಲು ಹಿಡಿದ ಕಾಲ ಅರ್ಧ ಗಂಟೆ, ತಗುಲಿದ ವೆಚ್ಚ ಅತ್ಯಲ್ಪ. ಈ ಹವ್ಯಾಸಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳತಕ್ಕ ಮೊದಲ ಮಾತು ಇದು: ಹಳೆಯ ಯಂತ್ರವನ್ನು ತಂದ ದಿನ ಸ್ವಿಚ್ಚು ಒತ್ತಬೇಡಿ, ಮೊದಲು ಮುಚ್ಚಳ ತೆಗೆದು ನೋಡಿ.

ಎರಡನೆಯ ಮಾತು ಕೈಪಿಡಿಯನ್ನು ಕುರಿತದ್ದು, ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಇಂದು ಸಾವಿರಾರು ರೂಪಾಯಿ ಕೊಟ್ಟು ಕೊಂಡ ಯಂತ್ರದೊಡನೆ ಬರುವುದು ಮಡಿಸಿದ ಒಂದು ಚೀಟಿ. ಅದರಲ್ಲಿ ಇರುವುದು ಹೆಚ್ಚಾಗಿ ಏನನ್ನು ಮಾಡಬಾರದೆಂಬ ಎಚ್ಚರಿಕೆಗಳು. ಜಾನ್ ಕಾಲ್ ಎಂಬವರು ಬಿಬಿಸಿ ಮೈಕ್ರೊಗಾಗಿ ಬರೆದ ಬಳಕೆದಾರರ ಕೈಪಿಡಿಯಾದರೋ ಸುರುಳಿ ತಂತಿಯಲ್ಲಿ ಕಟ್ಟಿದ ಸುಮಾರು 500 ಪುಟಗಳ ಗ್ರಂಥ. ಪ್ಲಗ್ಗನ್ನು ಎಲ್ಲಿ ಚುಚ್ಚಬೇಕೆಂಬಲ್ಲಿಂದ ಮೊದಲಾಗಿ, ಬೇಸಿಕ್ ಭಾಷೆಯ ಒಂದೊಂದು ಪದಕ್ಕೂ ಉದಾಹರಣೆ ಕೊಟ್ಟು, ಕೊನೆಗೆ ಯಂತ್ರದ ಸ್ಮೃತಿಯಲ್ಲಿ ಯಾವ ಸ್ಥಾನದಲ್ಲಿ ಏನು ವಾಸವಾಗಿದೆಯೆಂಬ ನಕ್ಷೆಯವರೆಗೆ ಅದು ಓದುಗನನ್ನು ಕೈಹಿಡಿದು ನಡೆಸುತ್ತದೆ. ಇದು ಒಂದು ಪುಸ್ತಕದ ವೈಶಿಷ್ಟ್ಯವಲ್ಲ, ಒಂದು ಕಾಲದ ಧರ್ಮ. ಐಬಿಎಂ ತನ್ನ 1981ರ ಪಿಸಿಯ ತಾಂತ್ರಿಕ ಕೈಪಿಡಿಯಲ್ಲಿ ಸರ್ಕಿಟ್ಟಿನ ನಕ್ಷೆಗಳನ್ನೂ, ಯಂತ್ರವನ್ನು ಎಚ್ಚರಗೊಳಿಸುವ ಬಯಾಸ್ ಎಂಬ ಆದ್ಯ ತಂತ್ರಾಂಶದ ಪಂಕ್ತಿಗಳನ್ನೂ ಸಮಗ್ರವಾಗಿ ಅಚ್ಚುಹಾಕಿಸಿತ್ತು. ಕಮೊಡೋರ್ 64ರ ಕೈಪಿಡಿಯ ಕೊನೆಯಲ್ಲಿ ಮಡಿಸಿಟ್ಟ ಹಾಳೆಯನ್ನು ಬಿಡಿಸಿದರೆ ಇಡೀ ಯಂತ್ರದ ನಾಡಿಗಳು ಕಣ್ಣೆದುರು ಹರಡಿಕೊಳ್ಳುತ್ತಿದ್ದುವು. ಕೊಂಡವನು ಇದನ್ನು ಅರಿಯಬಲ್ಲನು, ಅರಿಯಲು ಹಕ್ಕುಳ್ಳವನು ಎಂಬ ವಿಶ್ವಾಸದಿಂದ ಬರೆದ ಆ ಪುಟಗಳನ್ನು ಓದುವಾಗ, ಮೊದಲ ಬಾರಿಗೆ ನನಗೆ ಒಂದು ಯಂತ್ರವು ಆದ್ಯಂತವಾಗಿ ತಿಳಿದಂತಾಯಿತು. ದಿನವೂ ಕೈಯಲ್ಲಿರುವ ಮೊಬೈಲಿನ ವಿಷಯದಲ್ಲಿ ಆ ತೃಪ್ತಿ ನನಗೆ ಎಂದೂ ದೊರೆತಿಲ್ಲ, ದೊರೆಯುವಂತೆಯೂ ಇಲ್ಲ.

ವಿಡಿಯೊ ಮಾಡುವಾಗ ನಾನು ಅನುಸರಿಸುವ ಕ್ರಮವು ನಮ್ಮ ಗಮಕದ್ದು. ಗಮಕದಲ್ಲಿ ಒಬ್ಬರು ಕಾವ್ಯವನ್ನು ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನಿಸುತ್ತಾರೆ. ಇಲ್ಲಿ ಎರಡೂ ನಾನೇ. ಕೈಪಿಡಿಯ ಒಂದು ವಾಕ್ಯವನ್ನು ಕ್ಯಾಮೆರಾದ ಮುಂದೆ ಬೆರಳಿಟ್ಟು ಓದುತ್ತೇನೆ, ಕನ್ನಡದಲ್ಲಿ ಬಿಡಿಸುತ್ತೇನೆ, ಅನಂತರ ಅದನ್ನು ಯಂತ್ರದ ಮೇಲೆ ಮಾಡಿ ತೋರಿಸುತ್ತೇನೆ. ಹಳೆಯ ಟಿವಿಯ ಪರದೆಯನ್ನು ಚಿತ್ರಿಸುವಲ್ಲಿ ಒಂದು ತೊಡಕುಂಟು: ಅದು ಸೆಕೆಂಡಿಗೆ 50 ಬಾರಿ ಮಿನುಗುವುದರಿಂದ, ಕ್ಯಾಮೆರಾದ ಷಟರನ್ನು 50ರಲ್ಲಿ 1 ಸೆಕೆಂಡಿಗೆ ನಿಲ್ಲಿಸದಿದ್ದರೆ ಕಪ್ಪು ಪಟ್ಟೆಗಳು ಮೇಲಿಂದ ಕೆಳಗೆ ಉರುಳತೊಡಗುತ್ತವೆ. ಇನ್ನು ನಮ್ಮ ಕಡೆಯ ಕರೆಂಟು. ಅದು ಹೋದ ಕ್ಷಣದಲ್ಲಿ ಬರೆದದ್ದೆಲ್ಲ ಅಳಿಸಿಹೋಗುವುದರಿಂದ, ಆಗಾಗ ಕ್ಯಾಸೆಟ್ಟಿಗೆ ಉಳಿಸಿಕೊಳ್ಳುತ್ತಿರಬೇಕು. ಭಾವಗೀತೆ ಕೇಳುತ್ತಿದ್ದ ಅದೇ ಟೇಪ್‌ರೆಕಾರ್ಡರು, ಅದೇ ಬಗೆಯ ಕ್ಯಾಸೆಟ್ಟು, ಸೆಕೆಂಡಿಗೆ 1200 ಬಿಟ್ಟಿನ ಗತಿಯಲ್ಲಿ ಕೀಚಲು ದನಿಯಾಗಿ ತಂತ್ರಾಂಶವನ್ನು ಹೊತ್ತುಕೊಳ್ಳುತ್ತದೆ.

ನನಗೆ ಅತ್ಯಂತ ಪ್ರಿಯವಾದ ಪುಟವನ್ನು ಇನ್ನು ಹೇಳುತ್ತೇನೆ. ವಿಡಿಯು 23 ಎಂಬ ಆಜ್ಞೆಯಿಂದ, ಯಂತ್ರಕ್ಕೆ ಗೊತ್ತಿಲ್ಲದ ಹೊಸ ಅಕ್ಷರವನ್ನು ಅದಕ್ಕೆ ಕಲಿಸಬಹುದು. ಕೈಪಿಡಿಯಲ್ಲಿ ಎಂಟು ಅಡ್ಡಸಾಲು, ಎಂಟು ಉದ್ದಸಾಲಿನ ಒಂದು ಚೌಕುಳಿಯಿದೆ. ಅದರ ನೆತ್ತಿಯ ಮೇಲೆ ಎಡದಿಂದ ಬಲಕ್ಕೆ 128, 64, 32, 16, 8, 4, 2, 1 ಎಂಬ ಅಂಕಿಗಳು. ಬೇಕಾದ ಆಕಾರಕ್ಕೆ ತಕ್ಕಂತೆ ಮನೆಗಳನ್ನು ತುಂಬಿ, ಒಂದೊಂದು ಸಾಲಿನಲ್ಲಿಯೂ ತುಂಬಿದ ಮನೆಗಳ ಅಂಕಿಗಳನ್ನು ಕೂಡಿದರೆ ಎಂಟು ಸಾಲಿಗೆ ಎಂಟು ಮೊತ್ತಗಳು ಬರುತ್ತವೆ. 224ರಿಂದ 255ರವರೆಗಿನ ಯಾವುದಾದರೊಂದು ಸಂಖ್ಯೆಯನ್ನು ಆ ಅಕ್ಷರದ ಹೆಸರೆಂದು ಇಟ್ಟು, ಎಂಟು ಮೊತ್ತಗಳನ್ನು ಅದರ ನಂತರ ಜೋಡಿಸಿ ಬರೆದರೆ ಅಕ್ಷರ ಸಿದ್ಧ. ನಾನು ‘ರ’ವನ್ನು ಆರಿಸಿಕೊಂಡೆ. ತಲೆಕಟ್ಟಿನ ತುದಿಗೆ 2 ಮತ್ತು 1 ಕೂಡಿ 3, ತಲೆಕಟ್ಟಿಗೆ 126, ಕೆಳಗಿನ ದುಂಡಿಗೆ 66, ಮೂರು ಬಾರಿ 129, ಮತ್ತೆ 66, ತಳಕ್ಕೆ 60. ಬರೆದು ಮುದ್ರಿಸೆಂದರೆ ಪರದೆಯಲ್ಲಿ ‘ರ’ ಮೂಡಲಿಲ್ಲ. ಮೂರು ಬಾರಿ ಲೆಕ್ಕ ಹಾಕಿದೆ, ಲೆಕ್ಕ ಸರಿಯಾಗಿತ್ತು. ಕೊನೆಗೆ ಪುಸ್ತಕವನ್ನೇ ತೆರೆದು ನೋಡಲಾಗಿ ಕಾರಣ ತಿಳಿಯಿತು: ಸ್ವಿಚ್ಚು ಹಾಕಿದಾಗ ಯಂತ್ರವು ಏಳನೆಯ ಮೋಡಿನಲ್ಲಿ ಎಚ್ಚರಗೊಳ್ಳುತ್ತದೆ, ಸ್ಮೃತಿಯನ್ನು ಮಿತವ್ಯಯ ಮಾಡುವ ಆ ಮೋಡಿನಲ್ಲಿ ನಾವು ಸೃಷ್ಟಿಸಿದ ಅಕ್ಷರಗಳು ಕಾಣುವುದಿಲ್ಲ. ಮೋಡ್ 1 ಎಂದು ಬರೆದು ಮತ್ತೆ ಪ್ರಯತ್ನಿಸಿದಾಗ, ಇಂಗ್ಲಿಷನ್ನು ಬಿಟ್ಟು ಬೇರೊಂದು ಲಿಪಿ ಲೋಕದಲ್ಲಿ ಉಂಟೆಂಬುದನ್ನೇ ಅರಿಯದ ಆ ಯಂತ್ರದ ಪರದೆಯ ಮೇಲೆ, ಬಟಾಣಿಯ ಗಾತ್ರದ ಒಂದು ಕನ್ನಡ ಅಕ್ಷರವು ನಿಂತಿತು. ಆ ಕ್ಷಣದ ಹರ್ಷವನ್ನು ನಾನು ವಿಡಿಯೊದಲ್ಲಿ ಮರೆಮಾಡಲಿಲ್ಲ.

ಹರ್ಷದ ಬೆನ್ನಿಗೇ ಸಮಸ್ಯೆಯೂ ಬಂತು. ‘ರ’ ಎಂಟು ಸಾಲಿನಲ್ಲಿ ಹಿಡಿಸಿತು, ‘ಸ್ತ್ರೀ’ ಹಿಡಿಸುವುದೆಂತು? ವ್ಯಂಜನದ ಕೆಳಗೆ ಒತ್ತು, ಒತ್ತಿನ ಬದಿಗೆ ಮತ್ತೊಂದು ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಕನ್ನಡವನ್ನು ಕಂಪ್ಯೂಟರಿಗೆ ತಂದವರು ಎದುರಿಸಿದ ಪ್ರಶ್ನೆಯ ತಿರುಳು ಇದೇ ಎಂಬುದು ಈ ಆಟದ ಮೂಲಕ ನನಗೆ ಮನದಟ್ಟಾಯಿತು. ಆಕಾರವನ್ನು ಶೇಖರಿಸದೆ ಉಚ್ಚಾರದ ಕ್ರಮವನ್ನು ಶೇಖರಿಸಬೇಕು, ಆಕಾರವನ್ನು ಕಟ್ಟುವ ಹೊಣೆಯನ್ನು ಪರದೆಗೆ ಬಿಡಬೇಕು ಎಂಬುದು ಅವರು ಕಂಡ ಪರಿಹಾರ. 1991ರಲ್ಲಿ ಭಾರತೀಯ ಮಾನಕವಾಗಿ ಅಂಗೀಕೃತವಾದ ಇಸ್ಕಿ ಸಂಕೇತದಲ್ಲಿ ‘ಸ್ತ್ರೀ’ ಎಂಬುದು ಸ, ವಿರಾಮ, ತ, ವಿರಾಮ, ರ, ದೀರ್ಘ ಈಕಾರ ಎಂಬ ಆರು ಸಂಕೇತಗಳ ಸರಣಿ. ಪಿಸಿಯೊಳಗೆ ಸಿಕ್ಕಿಸುವ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡು ಅದನ್ನು ಅಕ್ಷರರೂಪಕ್ಕೆ ತರುತ್ತಿತ್ತು. ಕಿನ್ನಿಕಂಬಳ ಪದ್ಮನಾಭ ರಾಯರು, ಎಂದರೆ ನಾವೆಲ್ಲ ಕೆ.ಪಿ. ರಾವ್ ಎಂದು ಬಲ್ಲವರು, ಇಂಗ್ಲಿಷ್ ಕೀಲಿಮಣೆಯ 26 ಅಕ್ಷರಗಳಲ್ಲೇ ಕನ್ನಡದ ಸಮಸ್ತ ಸಂಯುಕ್ತಾಕ್ಷರಗಳನ್ನೂ ಅಡಗಿಸಿ, ವಿರಾಮಕ್ಕೆ ‘ಎಫ್’ ಕೀಲಿಯನ್ನು ಕೊಟ್ಟು ಒಂದು ವಿನ್ಯಾಸವನ್ನು ರೂಪಿಸಿದರು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಗೌರವಾರ್ಥ ‘ಸೇಡಿಯಾಪು’ ಎಂದು ಹೆಸರಿಟ್ಟು ಉಚಿತವಾಗಿ ಹಂಚಿದರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ನಾವು ಇಂದಿಗೂ ಬೆರಳಾಡಿಸುವುದು ಆ ವಿನ್ಯಾಸದ ಮೇಲೆಯೇ.

ಮಾಲೂರಿನ ರೈತರಿಗೆ ಕಂಪ್ಯೂಟರಿನಲ್ಲಿ ಕನ್ನಡವನ್ನು ಮೊದಲು ತೋರಿಸಿದ್ದು ಪ್ರಾಯಶಃ ತಾಲ್ಲೂಕು ಕಚೇರಿಯ ‘ಭೂಮಿ’ ಕೇಂದ್ರ. ಈ ಶತಮಾನದ ಆರಂಭದಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, 15 ರೂಪಾಯಿಗೆ ಒಂದು ಪಹಣಿಯನ್ನು ಅಚ್ಚುಹಾಕಿಸಿ ಕೊಡುವ ಏರ್ಪಾಡಾದಾಗ, ಅರ್ಜಿದಾರನ ಕಡೆಗೆ ಮುಖಮಾಡಿದ ಎರಡನೆಯ ಪರದೆಯೊಂದನ್ನೂ ಇಟ್ಟಿದ್ದರು. ತನ್ನ ಸರ್ವೆ ನಂಬರು, ತನ್ನ ತಂದೆಯ ಹೆಸರು ಆ ಗಾಜಿನ ಮೇಲೆ ಕನ್ನಡದಲ್ಲಿ ಮೂಡಿದ್ದನ್ನು ಕಂಡವರಿಗೆ ಆ ಯಂತ್ರವು ಹಳೆಯ ಸಾಮಾನು ಎನಿಸಲಾರದು.

ಹೀಗಿದ್ದೂ ಆ ಕಾಲದ ಕಾಗದಗಳು ಬೇಗ ಬೇಗನೆ ಮಾಯವಾಗುತ್ತಿವೆ. 2015ರಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ಕೈಪಿಡಿಗಳ ಅಂಗಡಿಯೊಂದು ಮುಚ್ಚಿದಾಗ ಜೇಸನ್ ಸ್ಕಾಟ್ ಎಂಬವರು ಸ್ವಯಂಸೇವಕರನ್ನು ಕೂಡಿಸಿಕೊಂಡು ಸಾವಿರಾರು ಕೈಪಿಡಿಗಳನ್ನು ಕಸವಾಗದಂತೆ ಉಳಿಸಿದರು. ನಮ್ಮಲ್ಲಿ, 1978ರಲ್ಲಿ ಐಬಿಎಂ ದೇಶ ಬಿಟ್ಟ ಮೇಲೆ ಕರ್ನಾಟಕದಲ್ಲಿಯೇ ವಿಪ್ರೋ, ಪಿಎಸ್ಐ ಮೊದಲಾದ ಕಂಪನಿಗಳು ಕಟ್ಟಿದ ಯಂತ್ರಗಳ ಕೈಪಿಡಿಗಳು, ಡಾಸ್ ಕಾಲದ ಕನ್ನಡ ತಂತ್ರಾಂಶಗಳೊಡನೆ ಕೊಡುತ್ತಿದ್ದ ಕಲ್ಲಚ್ಚಿನಂಥ ಮಸುಕು ಹಾಳೆಗಳು, ಸಿಂಪ್ಯೂಟರ್ ಎಂಬ ಕೈಗಣಕದ ಪುಸ್ತಿಕೆಗಳು ಯಾರ ಅಟ್ಟದ ಮೇಲೆ ಇವೆಯೋ. ಶಾಸನತಜ್ಞ ಬಿ.ಎಲ್. ರೈಸರು ಹೊಲಗಳಲ್ಲಿ ಬಿದ್ದಿದ್ದ, ದೇಗುಲದ ಮೆಟ್ಟಿಲಾಗಿದ್ದ ಕಲ್ಲುಗಳನ್ನು ಓದಿಸಿ, 1905ರಲ್ಲಿ ನಮ್ಮ ಕೋಲಾರ ಜಿಲ್ಲೆಯ ಶಾಸನಗಳ ಸಂಪುಟವನ್ನು ಹೊರತಂದರು. ಕಲ್ಲು ಕಾದಿತ್ತು. ಗೆದ್ದಲು ಹತ್ತಿದ ಕಾಗದ ಹಾಗೆ ಕಾಯುವುದಿಲ್ಲ. ಆದುದರಿಂದ ಸಿಕ್ಕಿದ್ದನ್ನು ನಾನು ಮೊದಲು ಬಿಸಿಲಲ್ಲಿ ಆರಿಸಿ, ತುಕ್ಕುಹಿಡಿದ ಪಿನ್ನುಗಳನ್ನು ಬಿಡಿಸಿ, ಪುಟಪುಟವಾಗಿ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳುತ್ತೇನೆ. ಅಟ್ಟ ಗುಡಿಸುವ ಮುನ್ನ ಒಮ್ಮೆ ನೋಡಿ ಎಂದು ಓದುಗರನ್ನು ಬೇಡಿಕೊಳ್ಳುತ್ತೇನೆ.

ಮತ್ತೆ ಆ ‘ರ’ಕ್ಕೆ ಬರುತ್ತೇನೆ. ಅದರ ವಿಡಿಯೊವನ್ನು ಆಗಿನ್ನೂ ಪ್ರಕಟಿಸಿರಲಿಲ್ಲ. ಮೇಜಿನ ಮೇಲೆ ಕೈಪಿಡಿಯ ಚೌಕುಳಿಯ ಪುಟ ತೆರೆದಿತ್ತು, ಪಕ್ಕದಲ್ಲಿ ನಾನು ಮನೆಗಳನ್ನು ತುಂಬಿದ್ದ ಗ್ರಾಫ್ ಕಾಗದ. ಕಾಫಿ ತಂದಿಟ್ಟ ಅಮ್ಮ ಬಗ್ಗಿ ನೋಡಿದರು.

“ಇದೇನಪ್ಪ, ಎಂಟು ಚುಕ್ಕಿ ಎಂಟು ಸಾಲು ರಂಗೋಲಿ ಇದ್ದಂಗೈತೆ.”

“ರಂಗೋಲಿ ಲೆಕ್ಕಾನೇ ಅಮ್ಮ. ರ ಬರ್ದಿದೀನಿ.”

“ರ ಎಲ್ಲೈತೆ? ಮುಚ್ಚಳ ಹಾಕಿದ್ ಮಡಕೆ ಇದ್ದಂಗೈತೆ. ತಲೆಕಟ್ಟಿನ ಕೆಳಗೆ ಕತ್ತು ಸಣ್ಣ ಮಾಡು, ಆಮೇಲೆ ಅಗಲ ಆಗ್ಲಿ.”

ನನ್ನ ಕೈಯಿಂದ ಪೆನ್ಸಿಲನ್ನು ತೆಗೆದುಕೊಂಡು, ಮೂರನೆಯ ಸಾಲಿನ ಎರಡು ಚುಕ್ಕಿಗಳನ್ನು ಒಂದೊಂದು ಮನೆ ಒಳಕ್ಕೆ ಸರಿಸಿದರು. ಅದರ ಕೆಳಗಿನ ಸಾಲಿನವನ್ನೂ ಹಾಗೆಯೇ. 66 ಇದ್ದದ್ದು 36 ಆಯಿತು, 129 ಇದ್ದದ್ದು 66 ಆಯಿತು. ನಾನು ಎಂಟು ಮೊತ್ತಗಳನ್ನು ಮತ್ತೆ ಕೂಡಿ ಯಂತ್ರಕ್ಕೆ ಕೊಟ್ಟೆ: 3, 126, 36, 66, 129, 129, 66, 60. ಪರದೆಯನ್ನು ನೋಡಿ ಅಮ್ಮ, “ಹೂಂ, ಈಗ ರ. ಇನ್ನು ಮಾಲೂರು ಅಂತ ಬರಿ ನೋಡಾಣ” ಎಂದರು. ‘ಲೂ’ ಒಂದು ಚೌಕದಲ್ಲಿ ಹಿಡಿಸುವುದಿಲ್ಲವೆಂದು ನಾನು ಹೇಳುವಷ್ಟರಲ್ಲಿ ಅವರು ಹೊಸ ಹಾಳೆಯ ಮೇಲೆ ಪಕ್ಕಪಕ್ಕದಲ್ಲಿ ಎರಡು ಚೌಕುಳಿಗಳನ್ನು ಗೀಚಿ ಚುಕ್ಕಿಯಿಡತೊಡಗಿದ್ದರು.