ಹಳೆಯ ನಕ್ಷೆಯಲ್ಲಿ ಸಖರಾಯಪಟ್ಟಣ

ಕಡೂರು ತಾಲ್ಲೂಕಿನ ಸಖರಾಯಪಟ್ಟಣದ ಅಯ್ಯನಕೆರೆಯನ್ನು ಕಟ್ಟಿಸಿದವನು ರುಕ್ಮಾಂಗದರಾಯ ಎನ್ನುತ್ತದೆ ಐತಿಹ್ಯ. ಕೆರೆ ಅಲ್ಲಿಯೇ ಏಕೆ ಎಂಬುದಕ್ಕೆ ಉತ್ತರ ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೆಯ ನಕ್ಷೆಗಳಲ್ಲಿದೆ.

ಒಂದು ಮೈಲಿಯನ್ನು ಒಂದು ಅಂಗುಲಕ್ಕೆ ಇಳಿಸಿದ ಆ ಹಾಳೆಗಳಲ್ಲಿ ನೀರು ನೀಲಿ, ಕಾಡು ಹಸಿರು, ಸಾಗುವಳಿ ಹಳದಿ, ಊರು ಕೆಂಪು. ಕಂದು ಬಣ್ಣದ ಸಮೋನ್ನತಿ ರೇಖೆಗಳು ಒತ್ತಾಗಿದ್ದರೆ ಕಡಿದಾದ ಗುಡ್ಡ, ವಿರಳವಾಗಿದ್ದರೆ ಬಯಲು. ಬಾಬಾಬುಡನ್ ಗಿರಿಯ ಪೂರ್ವ ಮಗ್ಗುಲಿನಿಂದ ಇಳಿದ ಹಳ್ಳಕ್ಕೆ ಬೆಟ್ಟದ ಬುಡದಲ್ಲೇ ಏರಿ ಹಾಕಿದ ಜಾಣ್ಮೆ ಈ ಗೆರೆಗಳಲ್ಲಿ ಕಾಣುತ್ತದೆ. ಅಲ್ಲಿಂದ ಮುಂದೆ ವೇದಾ ನದಿ ಕಡೂರಿನತ್ತ ಸಾಗಿ, ಆವತಿಯನ್ನು ಕೂಡಿ ವೇದಾವತಿಯಾಗುತ್ತದೆ.

1950ರ ದಶಕದಲ್ಲಿ ಅಮೆರಿಕ ಸೇನೆಯ ನಕ್ಷಾ ವಿಭಾಗ ಸಿದ್ಧಪಡಿಸಿದ 1:2,50,000 ಪ್ರಮಾಣದ ಭಾರತ ಸರಣಿ ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ಮೂಲಕ ಉಚಿತವಾಗಿಯೇ ಸಿಗುತ್ತದೆ. ಆದರೆ ಅದರಲ್ಲಿ ಒಂದು ಕಿಲೋಮೀಟರ್ ಎಂದರೆ ಬರೀ 4 ಮಿಲಿಮೀಟರ್. ಅಯ್ಯನಕೆರೆ ಕಂಡೀತು, ಹಳ್ಳಿಯ ಕಟ್ಟೆ ಕಾಣದು. ಅಂಗುಲದ ಹಾಳೆಯಲ್ಲಿ ಅದೇ ದೂರ ಸುಮಾರು 16 ಮಿಲಿಮೀಟರ್.

ಹುಡುಕುವವರಿಗೆ ತೊಡಕುಗಳೂ ಉಂಟು. ಇಂಗ್ಲಿಷ್ ಗೆಜೆಟಿಯರುಗಳಲ್ಲಿ ಊರಿನ ಹೆಸರು ‘ಸಕ್ರೆಪಟ್ಣ’. ತಾಲ್ಲೂಕು ಕೇಂದ್ರ ಕಡೂರೋ 76 ಡಿಗ್ರಿ ರೇಖಾಂಶದ ಆಚೆಗಿರುವುದರಿಂದ ಬೇರೆಯೇ ಹಾಳೆಗೆ ಸೇರಿದೆ! ನಕ್ಷೆ ಅಚ್ಚಾದ ವರ್ಷವೇ ಸರ್ವೆ ನಡೆದ ವರ್ಷವೂ ಅಲ್ಲ. ಅಂಚಿನ ಬರಹವನ್ನು ಓದಿಕೊಳ್ಳಬೇಕು.

2013ರಲ್ಲಿ ಆರಂಭವಾದ ಕಡೂರು-ಚಿಕ್ಕಮಗಳೂರು ರೈಲು ಮಾರ್ಗ ಈ ಹಳೆಯ ಹಾಳೆಗಳಲ್ಲಿಲ್ಲ. ಹೊಸದು ಇಲ್ಲದಿರುವುದು ಸಹಜವೇ. ನೋಡಬೇಕಾದದ್ದು ಅಂದು ಇದ್ದು ಇಂದು ಇಲ್ಲದ್ದನ್ನು. ಅಂದು ನೀಲಿಯಾಗಿದ್ದ ಕಟ್ಟೆ ಇಂದು ಹೊಲವಾಗಿದ್ದರೆ ಒತ್ತುವರಿ ಎಂದು ಸಾಧಿಸಲು ಇದೊಂದೇ ಸಾಲದು. ಸರ್ವೆ ನಂಬರು, ಗಡಿಗಳು ಇರುವುದು ಕಂದಾಯ ಇಲಾಖೆಯ ಗ್ರಾಮನಕ್ಷೆಯಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ, ಮುಚ್ಚಿಹೋದ ಕಾಲುವೆ ಯಾರ ಜಮೀನಿನಲ್ಲಿ ಹಾದಿತ್ತು ಎಂದಾದರೂ ಕೇಳಬಹುದು.